ಪಸಂದಿಗೆ ಬಂದ ಐದು ಪುಸ್ತಕಗಳು

ನಾನು ಪುಸ್ತಕವನ್ನು ಪೂರ್ತಿ ತೆರೆದು ಓದುವುದಿಲ್ಲ. ನಾಲ್ಕು ಬೆರಳು ಹಿಡಿಸುವಷ್ಟು ಮಾತ್ರ ಅದರ ಬಾಯಿ ಬಿಡಿಸಿ, ತಲೆ ಓರೆ ಮಾಡಿ ಒಳಗೆ ಇಣುಕುತ್ತೇನೆ. ಮೊನ್ನೆ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಎಂಟನೆಯ ತರಗತಿಯ ಕನ್ನಡ ಪಠ್ಯವನ್ನು ಹೀಗೆ ಇಣುಕುತ್ತ ಕೂತಿದ್ದಾಗ ಗಣಿತದ ಮಾಸ್ತರರು ಗಾಬರಿಯಾಗಿ, "ಟೀಚರ್ರೀ, ಒಳಗ ಹಲ್ಲಿ ಹೊಕ್ಕದೇನ್ರಿ?" ಎಂದು ಕೇಳಿದರು. ಹಲ್ಲಿ ಇಲ್ಲ ಎಂದೆ. "ಮತ್ತ ಯಾಕ ಹಂಗ ನೋಡಾಕತ್ತೀರಿ?" ಎಂದರು. ಉತ್ತರ ಹೇಳಬೇಕೆಂದರೆ ಜಪಾನಿನಿಂದ ಶುರು ಮಾಡಬೇಕು. ಅಷ್ಟರಲ್ಲಿ ಗಂಟೆ ಹೊಡೆಯಿತು. ಅವರಿಗೆ ಹೇಳದೆ ಉಳಿದದ್ದನ್ನು ನಿಮಗೆ ಹೇಳುತ್ತೇನೆ. ನಿಮಗೇನು ಮುಂದಿನ ಪಿರಿಯಡ್ ಇಲ್ಲವಲ್ಲ.

ಜಪಾನಿಗೂ ಮೊದಲು ಸೀರೆಯ ಮಾತು ಬರುತ್ತದೆ. ನನ್ನ ತವರು ಹುಮನಾಬಾದು, ಕೊಟ್ಟ ಮನೆ ಬಸವಕಲ್ಯಾಣ. ನಡುವಿನ ದಾರಿ ಬಸ್ಸಿನಲ್ಲಿ ಒಂದು ಒಳ್ಳೆಯ ನಿದ್ದೆಗೂ ಸಾಲುವುದಿಲ್ಲ. ನಾನು ಚಿಕ್ಕವಳಿದ್ದಾಗ ಹುಮನಾಬಾದಿನ ನಮ್ಮ ಓಣಿಯ ಹೆಂಗಸರು ಸೀರೆಗೆಂದು ಅಂಗಡಿ ಹತ್ತುತ್ತಿರಲಿಲ್ಲ. ಕಾಶೀನಾಥ ಸೇಠರ ಬಟ್ಟೆ ಅಂಗಡಿಗೆ 'ಮನೆಯಲ್ಲಿ ಮದುವೆ ಇದೆ' ಎಂದು ಒಂದು ಮಾತು ಮುಟ್ಟಿಸಿದರೆ ಸಾಕು, ಬಿಳಿ ಬಟ್ಟೆಯಲ್ಲಿ ಕಟ್ಟಿದ ಸೀರೆಗಳ ಗಂಟು ಮನೆಗೇ ಬರುತ್ತಿತ್ತು. ಇದಕ್ಕೆ ಪಸಂದಿಗೆ ಕಳಿಸುವುದು ಎಂದು ಹೆಸರು. ಎಂಟು ದಿನ ಗಂಟು ನಮ್ಮ ಮನೆಯಲ್ಲಿ. ಮನಸ್ಸಿಗೆ ಬಂದದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಅದೇ ಬಟ್ಟೆಯಲ್ಲಿ ಕಟ್ಟಿ ಹಿಂದಕ್ಕೆ ಕಳಿಸಬೇಕು.

ಆ ಎಂಟು ದಿನ ನಮ್ಮ ಮನೆಯಲ್ಲಿ ಯಾರೂ ಸಹಜವಾಗಿ ಉಸಿರಾಡುತ್ತಿರಲಿಲ್ಲ. ಅರಿಶಿನದ ಕೈಯಲ್ಲಿ ಮುಟ್ಟಬಾರದು. ಒಗ್ಗರಣೆ ಹಾಕುವ ಹೊತ್ತಿಗೆ ಗಂಟು ಬಿಚ್ಚಬಾರದು. ಸೆರಗನ್ನು ಹೆಗಲ ಮೇಲೆ ಇಟ್ಟು ನೋಡಬಹುದು, ಉಡಬಾರದು. ಎಲ್ಲಕ್ಕಿಂತ ದೊಡ್ಡ ನಿಯಮವೆಂದರೆ ಮಡಿಕೆ ಮುರಿಯಬಾರದು. ಮಡಿಕೆ ಮುರಿಯಿತೋ, ಸೀರೆ ನಿಮ್ಮದು. ನಮ್ಮ ಸಣ್ಣ ಚಿಕ್ಕಮ್ಮ ಒಮ್ಮೆ ಪಸಂದಿಗೆ ಬಂದ ನೇರಳೆ ಸೀರೆಯನ್ನು ಉಟ್ಟು ಗೆಳತಿಯ ಮದುವೆಗೆ ಹೋಗಿ ಬಂದು, ಇಸ್ತ್ರಿ ಮಾಡಿ, ಮೊದಲಿಗಿಂತ ಚೆಂದ ಮಡಚಿ ಗಂಟಿನಲ್ಲಿಟ್ಟಳು. ಸೇಠರು ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ಅದನ್ನು ಬಿಚ್ಚಿದಾಗ ಒಂದು ಅಕ್ಷತೆಯ ಕಾಳು ಟಪ್ಪನೆ ಕೆಳಗೆ ಬಿತ್ತು. ಅವರು ಸೀರೆಯನ್ನು ಕಾಗದದಲ್ಲಿ ಸುತ್ತಿ, ಆ ಕಾಳನ್ನೂ ಅದರೊಳಗೇ ಇಟ್ಟು, "ಮಗಳಿಗೆ ಭಾಳ ಒಪ್ಪತದ ಅಂತ ಹೇಳ್ರಿ" ಎಂದು ನಮ್ಮ ಮನೆಗೆ ಕಳಿಸಿಕೊಟ್ಟರು. ಚಿಕ್ಕಮ್ಮ ಆ ಸೀರೆಯನ್ನು ಮತ್ತೆಂದೂ ಉಡಲಿಲ್ಲ. ನಾನು ಮಾತ್ರ ಆ ಪಾಠವನ್ನು ಕಲಿತೆ. ಬೇಕಾದದ್ದಕ್ಕಿಂತ ಹೆಚ್ಚೇ ಕಲಿತೆ.

ಈಗ ಜಪಾನಿಗೆ ಬರೋಣ. ನಮ್ಮ ಮನೆಯವರದು ಬಸವಕಲ್ಯಾಣದ ಆಟೋನಗರದಲ್ಲಿ ಲಾರಿಗಳ ಡೀಸೆಲ್ ಪಂಪು ರಿಪೇರಿಯ ಗ್ಯಾರೇಜು. ಪಂಪು ಬಿಚ್ಚಿ, ತೊಳೆದು, ಜೋಡಿಸಿ ಕೊಡುವುದರಲ್ಲಿ ಅವರದು ಒಳ್ಳೆಯ ಕೈ. ಆದರೆ ಜೋಡಿಸಿದ ಪಂಪು ಸರಿಯಾಗಿದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡಲು ಒಂದು ಯಂತ್ರ ಬೇಕು. ಅದು ಇಲ್ಲದ್ದರಿಂದ ಪ್ರತಿ ಪಂಪನ್ನೂ ಹುಮನಾಬಾದಿನ ಇನ್ನೊಂದು ಗ್ಯಾರೇಜಿಗೆ ಕಳಿಸಿ, ಅಲ್ಲಿಯವನು 'ಸರಿ ಇದೆ' ಎಂದು ಚೀಟಿ ಬರೆದುಕೊಟ್ಟ ಮೇಲೆಯೇ ಗಿರಾಕಿಗೆ ಕೊಡಬೇಕು. ಆ ಚೀಟಿ ಬರೆಯುವವನು ಒಂದು ಕಾಲಕ್ಕೆ ನಮ್ಮವರ ಕೈಕೆಳಗೇ ಸ್ಪ್ಯಾನರ್ ಹಿಡಿಯುವುದನ್ನು ಕಲಿತವನು. ಇವರು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಚೀಟಿ ಬಂದ ದಿನ ಊಟ ಮಾತ್ರ ಕಡಿಮೆ ಮಾಡುತ್ತಿದ್ದರು.

ಮೂರು ವರ್ಷದ ಹಿಂದೆ ಮುಂಬೈ ಕಡೆಯ ಹಳೆ ಸಾಮಾನಿನ ವ್ಯಾಪಾರಿಯೊಬ್ಬನಿಂದ ಇವರು ಒಂದು ಜಪಾನಿ ಯಂತ್ರ ತರಿಸಿದರು. ಕಪಾಟಿನಷ್ಟು ಎತ್ತರ, ಹಸಿರು ಬಣ್ಣ, ಪಕ್ಕದಲ್ಲಿ ಒಂದು ಹಳದಿ ಹಿಡಿಕೆ. ಜೊತೆಗೆ ಎಣ್ಣೆ ಕುಡಿದು ಹಪ್ಪಳವಾಗಿದ್ದ ಒಂದು ಕೈಪಿಡಿ, ಪೂರ್ತಿ ಜಪಾನಿ ಭಾಷೆಯಲ್ಲಿ. ಪೂಜೆ ಮಾಡಿ, ಕಾಯಿ ಒಡೆದು ಸ್ವಿಚ್ ಹಾಕಿದರೆ ಯಂತ್ರ ಒಮ್ಮೆ ಗುಂಯ್ ಎಂದು ನರಳಿ ಸುಟ್ಟ ವಾಸನೆ ಬಿಟ್ಟಿತು. ಇವರು ಹಾರಿ ಹೋಗಿ ಸ್ವಿಚ್ ಆರಿಸಿದರು. ಇವರ ಜೊತೆ ಇಪ್ಪತ್ತು ವರ್ಷದಿಂದ ದುಡಿಯುತ್ತಿರುವ ಮಹಬೂಬ್ ಉಸ್ತಾದರು, "ಆ ಪೀಲಾ ಹ್ಯಾಂಡಲ್ ಎಳದ್ರ ನಡೀತದ" ಎಂದರು. ಎಳೆಯಬೇಕೋ ತಳ್ಳಬೇಕೋ ತಿರುವಬೇಕೋ ಯಾರಿಗೆ ಗೊತ್ತು? ಒಳಗಿನ ಒಂದು ಹಲ್ಲು ಮುರಿದರೆ ಬದಲಿ ಸಾಮಾನು ಈ ದೇಶದಲ್ಲೇ ಸಿಗುವುದಿಲ್ಲ. ಮಾರಿದವನು ಫೋನ್ ಎತ್ತುವುದನ್ನು ಬಿಟ್ಟಿದ್ದ. ಕೈಪಿಡಿಯಲ್ಲಿ ಹಳದಿ ಹಿಡಿಕೆಯ ಚಿತ್ರವಿದ್ದ ಪುಟದ ಮೇಲೆ ದೊಡ್ಡ ಎಣ್ಣೆಯ ಕಲೆ. ಫೋನಿನ ಕ್ಯಾಮೆರಾ ಹಿಡಿದು ಅನುವಾದ ಮಾಡಿಸಿದೆವು. ಮೊದಲ ದಿನ 'ಹಳದಿ ಅಜ್ಜನಿಗೆ ವಿಶ್ರಾಂತಿ ಕೊಡಿ' ಎಂದಿತು. ಮರುದಿನ 'ಮೀನು ಬೆಂದ ನಂತರ ಕೈಬಿಡಿ' ಎಂದಿತು. ಮಹಬೂಬ್ ಉಸ್ತಾದರಿಗೆ ಎರಡನೆಯದರಲ್ಲಿ ಏನೋ ಅರ್ಥವಿದೆ ಎನಿಸಿತು. ಇವರು ಫೋನ್ ಆಫ್ ಮಾಡಿಸಿದರು.

ಅಂದು ಸಂಜೆ ಚಹಾ ಕುಡಿಯುತ್ತ ಇವರು ನನ್ನನ್ನೇ ನೋಡತೊಡಗಿದರು. ಮದುವೆಯಾಗಿ ಇಷ್ಟು ವರ್ಷದ ಮೇಲೆ ಗಂಡ ಹೀಗೆ ನೋಡಿದರೆ ಖುಷಿಪಡಬೇಕೋ ಹೆದರಬೇಕೋ ತಿಳಿಯುವುದಿಲ್ಲ.

"ನೀ ಸಾಲ್ಯಾಗ ಏನ ಕಲಸ್ತಿ?" ಎಂದರು.

"ಕನ್ನಡ."

"ಅದೂ ಭಾಷಾನೇ. ಇದೂ ಭಾಷಾನೇ. ಒಂದು ಭಾಷಾ ಕಲಸಾಕ ಬರ್ತದಂದ್ರ ಇನ್ನೊಂದು ಓದಾಕ ಏನ ಕಷ್ಟ?"

"ಯಾರರ ತಿಳಿದವ್ರನ್ನ ಕೇಳೂನ್ರಿ. ಪುಣೆದಾಗ ಇರ್ತಾರ" ಎಂದೆ.

"ಬ್ಯಾಡ. ಹುಮನಾಬಾದದಾವನ ಚೀಟಿ ಸಾಕಾಗ್ಯಾದ, ಮತ್ತ ಪುಣೆದಾವನ ಚೀಟಿ ಬ್ಯಾರೆ ಏನು? ನಮ್ಮ ಮಷೀನಿನ ಮಾತು ನಮ್ಮ ಮನ್ಯಾಗ ತಿಳೀಬೇಕು."

ಹೀಗೆ ನಾನು ನಲವತ್ತಾರನೆಯ ವಯಸ್ಸಿನಲ್ಲಿ ಫೋನಿನಲ್ಲಿ ಜಪಾನಿ ಅಕ್ಷರ ತಿದ್ದತೊಡಗಿದೆ. ಆ ಭಾಷೆಯ ಪರೀಕ್ಷೆಗೆ ಐದು ಮಟ್ಟಗಳಿವೆ. ಐದನೆಯದು ಎಲ್ಲಕ್ಕಿಂತ ಕೆಳಗಿನದು, ಅಲ್ಲಿಂದ ಮೇಲೆ ಹತ್ತಬೇಕು. ಐದನೆಯದು, ನಾಲ್ಕನೆಯದು ಎರಡನ್ನೂ ಪಾಸಾದೆ. ಪಾಸಾದಾಗಲೆಲ್ಲ ಇವರು ಕೈಪಿಡಿಯನ್ನು ನನ್ನ ಮುಂದೆ ಇಡುತ್ತಿದ್ದರು. ನಾನು 'ಇದು, ಅದು, ನಿನ್ನೆ, ಬೆಕ್ಕು' ಎಂಬಷ್ಟನ್ನು ಗುರುತಿಸಿ ಮುಚ್ಚಿಡುತ್ತಿದ್ದೆ. ಮೂರನೆಯ ಮಟ್ಟ ಪಾಸಾದವರಿಗೆ ನಿತ್ಯದ ಸೂಚನೆ, ಪ್ರಕಟಣೆಗಳೆಲ್ಲ ಅರ್ಥವಾಗುತ್ತವೆ ಎಂದು ಎಲ್ಲೋ ಓದಿ ಹೇಳಿದ್ದೇ ನನ್ನ ತಪ್ಪು. "ಹಂಗಿದ್ರ ನೀ ಮೂರನೇದ್ದು ಪಾಸಾಗು, ಆಮ್ಯಾಲ ಹಿಡಿಕಿಗೆ ಕೈ ಹಚ್ಚೂನು. ಅಲ್ಲೀತನಕ ಯಾರೂ ಮುಟ್ಟಾಂಗಿಲ್ಲ" ಎಂದು ಇವರು ಗ್ಯಾರೇಜಿನಲ್ಲಿ ಸಾರಿಬಿಟ್ಟರು. ಯಂತ್ರದ ಮೇಲೆ ನಮ್ಮ ಮನೆಯ ಹಳೆಯ ಹೂವಿನ ಚಾದರ ಹೊದಿಸಿದರು. ದಸರೆಯಲ್ಲಿ ಹಳದಿ ಹಿಡಿಕೆಗೆ ಕುಂಕುಮ ಇಟ್ಟರು. ಆಟೋನಗರದ ಲಾರಿ ಡ್ರೈವರುಗಳು ಬಂದವರೇ, "ಬಾಯೋರ ಪರೀಕ್ಷಾ ಯಾವಾಗ್ರಿ?" ಎಂದು ಕೇಳತೊಡಗಿದರು. ಮಹಬೂಬ್ ಉಸ್ತಾದರು ನನ್ನನ್ನು ಕಂಡಾಗಲೆಲ್ಲ, "ಭಾಬೀ, ಅಪ್ನಾ ಮಷೀನ್ ಕಬ್ ಪಾಸ್ ಹೋತಾ?" ಎನ್ನುತ್ತಿದ್ದರು. ಯಂತ್ರವೇ ಪರೀಕ್ಷೆಗೆ ಕೂತಿದೆ, ನಾನು ಬರೀ ಅದರ ಪೆನ್ನು ಎಂಬಂತೆ.

ಕಳೆದ ವರ್ಷ ಜುಲೈಯಲ್ಲಿ ಮೂರನೆಯ ಮಟ್ಟ ಬರೆದು ಫೇಲಾದೆ. ಇಪ್ಪತ್ತೈದು ವರ್ಷದಿಂದ ಮಕ್ಕಳನ್ನು ಫೇಲು ಮಾಡುತ್ತ ಬಂದವಳಿಗೆ ಅದರ ರುಚಿ ಗೊತ್ತಿರಲಿಲ್ಲ. ಕಹಿಯಾಗಿತ್ತು. ಇವರು ಯಂತ್ರದ ಚಾದರವನ್ನು ಒಗೆಯಲು ಹಾಕಿ, ಬೇರೆ ಚಾದರ ಹೊದಿಸಿದರು. ನನಗೆ ಬೈದಿದ್ದರೆ ಚೆನ್ನಾಗಿತ್ತು.

ಫೋನಿನ ಓದು ಸಾಲದು, ಒಳ್ಳೆಯ ಪುಸ್ತಕ ಬೇಕು ಎಂದು ಆಗ ತೀರ್ಮಾನಿಸಿದೆ. ಯಾವ ಪುಸ್ತಕ? ಇಂಟರ್ನೆಟ್ಟಿನಲ್ಲಿ ಕೇಳಿದರೆ ಒಬ್ಬ ಒಂದನ್ನು ಹೊಗಳಿ ನಾಲ್ಕನ್ನು ಬೈಯುತ್ತಾನೆ. ಇನ್ನೊಬ್ಬ ಆ ನಾಲ್ಕನ್ನು ಹೊಗಳಿ ಅವನನ್ನೇ ಬೈಯುತ್ತಾನೆ. ಕಣ್ಣಿಂದ ನೋಡದೆ, ಕೈಯಿಂದ ಮುಟ್ಟದೆ ಕೊಳ್ಳುವ ಅಭ್ಯಾಸ ನಮ್ಮ ಮನೆತನದಲ್ಲಿಲ್ಲ. ನನಗೆ ಕಾಶೀನಾಥ ಸೇಠರ ನೆನಪಾಯಿತು.

ಸೇಠರಿಗೆ ಈಗ ಎಂಬತ್ತರ ಹತ್ತಿರ. ಸಿದ್ಧ ಉಡುಪಿನ ಅಂಗಡಿಗಳು ಬಂದ ಮೇಲೆ ಅವರು ಅರ್ಧ ಅಂಗಡಿಯನ್ನು ಶಾಲೆಯ ಪುಸ್ತಕ, ಗೈಡು, ನೋಟುಬುಕ್ಕಿಗೆ ಕೊಟ್ಟಿದ್ದಾರೆ. ಸರಕು ಬದಲಾದರೂ ಸೇಠರು ಬದಲಾಗಿಲ್ಲ. ಅದೇ ಬಿಳಿ ಗಾದಿ, ಅದೇ ಒರಗುವ ಲೋಡು. ಹತ್ತನೆಯ ತರಗತಿಯ ವಿಜ್ಞಾನದ ಗೈಡು ಕೇಳಿದರೂ ಐದು ಗೈಡು ತೆಗೆದು ಗಾದಿಯ ಮೇಲೆ ಝಳ್ಳೆಂದು ಹರಡಿ, "ಇದು ಹಗಲಿಗೆ ಛಲೋ ಕಾಣತದ" ಎನ್ನುತ್ತಾರೆ. ನಾನು ನನ್ನ ಕಷ್ಟ ಹೇಳಿಕೊಂಡೆ. ಅವರು ಕಣ್ಣು ಮುಚ್ಚಿ ಕೇಳಿದರು.

"ಜಪಾನದ್ದು. ನಡಬರಕಿನ ಮಾಲು. ಎಲ್ಲಾಕ್ಕಿಂತ ಭಾರಿದಲ್ಲ, ಹಗುರದೂ ಅಲ್ಲ. ಹೌದಲ್ಲವ್ವಾ?"

"ಹೌದ್ರಿ ಕಾಕಾ. ಮೂರನೇ ಮಟ್ಟದ್ದು."

"ಪುಣೆದಿಂದ ತರಸ್ತೀನಿ. ನಿಮ್ಮವ್ವ ಹಸರ ಬಿಟ್ಟು ಬ್ಯಾರೆ ಬಣ್ಣ ತಗೋತಿದ್ದಿಲ್ಲ. ಹಸರದ್ದೂ ಒಂದು ಹಾಕಿಸ್ತೀನಿ. ನೀ ಇಲ್ಲಿ ಕುಂತು ಅವಸರದಾಗ ನೋಡಬ್ಯಾಡ. ಪಸಂದಿಗೆ ಮನೀಗೆ ಕಳಸ್ತೀನಿ."

ಪುಸ್ತಕವನ್ನು ಪಸಂದಿಗೆ ಕಳಿಸಿದ್ದು ಹಿಂದೆ ಕೇಳಿರಲಿಲ್ಲ. ಆದರೆ ಸೇಠರ ಮುಂದೆ ಅದನ್ನು ಹೇಳುವ ಧೈರ್ಯ ಯಾರಿಗಿದೆ?

ಹದಿನೈದು ದಿನದ ಮೇಲೆ ಕಲ್ಯಾಣದ ಬಸ್ಸಿನ ಕಂಡಕ್ಟರು ನಿಲ್ದಾಣದಲ್ಲಿ ನನ್ನ ಕೈಗೆ ಒಂದು ಬಿಳಿ ಗಂಟು ಇಟ್ಟರು. ನಮ್ಮ ಓಣಿಯಲ್ಲಿ ಬಿಳಿ ಗಂಟು ಹಿಡಿದು ಒಬ್ಬ ಹೆಂಗಸು ನಡೆದು ಬಂದರೆ ಮನೆ ಮುಟ್ಟುವಷ್ಟರಲ್ಲಿ ಹಿಂದೆ ಐದು ಹೆಂಗಸರು ಇರುತ್ತಾರೆ. ಮುಂದಾಳು ಗುರುಬಾಯಿ ಕಾಕಿ. ನಮ್ಮ ಎದುರು ಮನೆಯವರು. ನಲವತ್ತು ವರ್ಷದಿಂದ ಈ ಓಣಿಯ ಯಾವ ಮದುವೆಯ ಸೀರೆಯೂ ಅವರ ಬೆರಳಿನ ನಡುವೆ ತಿಕ್ಕಿಸಿಕೊಳ್ಳದೆ ಮದುಮಗಳ ಮೈ ಸೇರಿಲ್ಲ. ಗಂಟಿನೊಳಗೆ ಪುಸ್ತಕ ಕಂಡ ಕಾಕಿ ಅಡಿಯಲ್ಲಿ ಸೀರೆ ಇದೆಯೇನೋ ಎಂದು ತಡಕಿ ನೋಡಿದರು. ಆಮೇಲೆ, "ಇರಲಿ ಬಿಡು. ಆರಸೂದು ಆರಸೂದೇ" ಎಂದು ಕೈ ತೊಳೆದುಕೊಂಡು ಬಂದು ಕೂತರು.

ಐದು ಪುಸ್ತಕಗಳಿದ್ದವು. ಮೊದಲನೆಯದು ದಪ್ಪನೆಯ ಕೆಂಪು ರಟ್ಟಿನ ವ್ಯಾಕರಣ. ಕಾಕಿ ಬೆರಳಿಗೆ ಎಂಜಲು ಹಚ್ಚಿಕೊಂಡು ರಟ್ಟಿನ ಮೂಲೆಯನ್ನು ತಿಕ್ಕಿ ನೋಡಿದರು. "ಬಣ್ಣ ಬಿಡೂದಿಲ್ಲ" ಎಂದು ಘೋಷಿಸಿದರು. ಎರಡನೆಯದು ಸೇಠರು ನನ್ನ ತಾಯಿಯ ನೆನಪಿಗೆ ಹಾಕಿಸಿದ್ದ ಹಸಿರು. ಅದರೊಳಗೆ ಪುಟಪುಟಕ್ಕೂ ನಾಯಿ, ಬೆಕ್ಕು ಮಾತಾಡುವ ಚಿತ್ರಗಳು. "ಹುಡುಗಾಟಿಕಿ ಕಾಣತದ. ನಿನ್ನ ವಯಸ್ಸಿಗೆ ಒಪ್ಪಾಂಗಿಲ್ಲ" ಎಂದು ಪಕ್ಕಕ್ಕೆ ಸರಿಯಿತು. ಮೂರನೆಯದರಲ್ಲಿ ಆರು ವಾರಗಳ ಪಾಠವನ್ನು ದಿನದಿನಕ್ಕೆ ಹಂಚಿತ್ತು. ಆದರೆ ಏಳನೆಯ ದಿನಕ್ಕೂ ಪಾಠವಿದೆ ಎಂದು ತಿಳಿದು ಹೆಂಗಸರೆಲ್ಲ ಮುನಿಸಿಕೊಂಡರು. ನಾಲ್ಕನೆಯದು ಹಳೆಯ ಮಾದರಿಯ ಪ್ರಶ್ನೆಪತ್ರಿಕೆಗಳು, ಅಗಲವಾದದ್ದು, ಹಾಳೆ ತೆಳು. "ಎರಡು ಸಲ ಒಗದ್ರ ಜಾಳ ಆಗತದ." ಐದನೆಯದು ಸಣ್ಣದು, ಬೂದಿ ಬಣ್ಣದ್ದು, ಬರೀ ಓದುವ ಕಥೆ, ಪ್ರಕಟಣೆ, ಪತ್ರಗಳಿದ್ದದ್ದು. ಕಾಕಿ ಅದನ್ನು ಎರಡು ಬೆರಳಲ್ಲಿ ಎತ್ತಿ, "ಇದೇನ ಬೇ, ದವಾಖಾನಿ ರಿಪೋರ್ಟ್ ಇದ್ದಂಗ ಅದ?" ಎಂದು ಕೆಳಗಿಟ್ಟರು. ಕೆಂಪು ಪುಸ್ತಕದ ಜೊತೆ ಒಂದು ತೆಳ್ಳನೆಯ ಅಭ್ಯಾಸ ಪುಸ್ತಕವೂ ಇತ್ತು. ಅದರ ಮೇಲೆ ಸೇಠರು ಚೀಟಿ ಅಂಟಿಸಿ ತಮ್ಮ ಕೈಯಿಂದಲೇ ಬರೆದಿದ್ದರು: 'ಜೋಡಿ ಖಣ'. ಕುಪ್ಪಸದ ಖಣವೂ ಸಿಕ್ಕಿತು ಎಂದ ಮೇಲೆ ಕೆಂಪಿಗೆ ಎದುರೇ ಇಲ್ಲವಾಯಿತು.

ಸಂಜೆ ಇವರು ಬಂದು ಐದನ್ನೂ ತೂಗಿ ನೋಡಿದರು, ಹೊಲಿಗೆ ಎಳೆದು ನೋಡಿದರು. ಮರುದಿನ ಮಹಬೂಬ್ ಉಸ್ತಾದರು ಖುದ್ದಾಗಿ ಬಂದು, ಯಾವುದರಲ್ಲಿ ನಟ್ಟುಬೋಲ್ಟಿನ ಚಿತ್ರವಿದೆ ಎಂದು ಹುಡುಕಿ, ಎಲ್ಲಿಯೂ ಇಲ್ಲವೆಂದು ಬೇಸರಪಟ್ಟು ಚಹಾ ಕುಡಿದು ಹೋದರು. ಮೂರು ದಿನ ಹೀಗೆ ಜನ ಬಂದು ನೋಡಿ ಹೋದರು. ಪುಸ್ತಕದೊಳಗೆ ಏನು ಬರೆದಿದೆ ಎಂದು ನೋಡಬೇಕಾದವಳು ನಾನೊಬ್ಬಳೇ. ಆದರೆ ನನಗೆ ಆ ಕೆಲಸ ಅಷ್ಟು ಸುಲಭವಿರಲಿಲ್ಲ.

ಯಾಕೆಂದರೆ ಮಡಿಕೆ ಮುರಿಯಬಾರದು. ಇವು ಪಸಂದಿಗೆ ಬಂದ ಪುಸ್ತಕಗಳು. ಬೆನ್ನಿಗೆ ಗೆರೆ ಬಿದ್ದರೆ ಉಟ್ಟಂತೆಯೇ. ಸೇಠರು ನಾಲ್ಕು ಜನರ ಮುಂದೆ ನನ್ನ ಪುಸ್ತಕವನ್ನು ಬಿಚ್ಚಿ ನೋಡುವ ದೃಶ್ಯ ಕಣ್ಣಿಗೆ ಕಟ್ಟುತ್ತಿತ್ತು. ಹಾಗಾಗಿ ನಾಲ್ಕು ಬೆರಳಷ್ಟು ತೆರೆದು ಇಣುಕಿ ಓದತೊಡಗಿದೆ. ಹೀಗೆ ಓದಿದರೆ ಎಡ ಪುಟದ ಎಡ ಅರ್ಧ ಕಾಣುತ್ತದೆ, ಬಲ ಪುಟದ ಬಲ ಅರ್ಧ ಕಾಣುತ್ತದೆ. ನಡುವಿನ ಮಾತೆಲ್ಲ ಬೆನ್ನಿನ ಕತ್ತಲಲ್ಲಿ. ಎಂಟು ದಿನದಲ್ಲಿ ಜಪಾನಿನ ಬದುಕಿನ ಬಗ್ಗೆ ನನಗೆ ಬಹಳ ತಿಳಿಯಿತು, ಎಲ್ಲವೂ ಅರ್ಧರ್ಧ. ತನಾಕಾ ಎಂಬವನು ಕೊಡೆ ಮರೆತಿದ್ದಾನೆ. ಎಲ್ಲಿ ಎಂದು ಗೊತ್ತಿಲ್ಲ. ಯಾರೋ ತಾಯಿಗೆ ಕ್ಷಮೆ ಕೇಳಿ ಪತ್ರ ಬರೆದಿದ್ದಾರೆ. ಮಾಡಿದ್ದೇನು ಎಂದು ಗೊತ್ತಿಲ್ಲ. ಒಂದು ಗ್ರಂಥಾಲಯದಲ್ಲಿ ಸೋಮವಾರ ಏನೋ ಆಗುವುದಿಲ್ಲ. ನನಗೆ ಆ ತಾಯಿಯ ಚಿಂತೆ ಹತ್ತಿ ಅಡುಗೆಯಲ್ಲಿ ಎರಡು ಸಲ ಉಪ್ಪು ಹಾಕಿದೆ.

ಎಂಟನೆಯ ದಿನಕ್ಕೆ ಒಂದನ್ನೂ ಆರಿಸಲಾಗಲಿಲ್ಲ. ಸೇಠರಿಗೆ ಫೋನ್ ಮಾಡಿ, "ಮನ್ಯಾಗ ಹಿರಿಯರು ಇನ್ನಾ ನೋಡಿಲ್ರಿ ಕಾಕಾ" ಎಂದೆ. "ನೋಡಲಿ ನೋಡಲಿ, ಅವಸರ ಏನದ?" ಎಂದರು. ಮತ್ತೆ ಎಂಟು ದಿನ. ಆಮೇಲೆ ಇನ್ನೂ ಎಂಟು. ಸೇಠರು ಫೋನ್ ಮಾಡಿ ಮಳೆ ಹೇಗಿದೆ ಎಂದು ಮಾತ್ರ ವಿಚಾರಿಸುತ್ತಿದ್ದರು. ಪಸಂದಿನ ಗಂಟಿನ ಬಗ್ಗೆ ವ್ಯಾಪಾರಿ ಬಾಯಿಬಿಟ್ಟು ಕೇಳುವಂತಿಲ್ಲ. ಇತ್ತ ಡಿಸೆಂಬರಿನ ಪರೀಕ್ಷೆಗೆ ಅರ್ಜಿ ಹೋಗಿತ್ತು. ಗ್ಯಾರೇಜಿನಿಂದ ಹುಮನಾಬಾದಿಗೆ ಪಂಪುಗಳು ಹೋಗುತ್ತಿದ್ದವು, ಚೀಟಿಗಳು ಬರುತ್ತಿದ್ದವು. ನಾನು ಪುಸ್ತಕ ಆರಿಸುತ್ತಲೇ ಇದ್ದೆ.

ಅಕ್ಟೋಬರಿನ ಒಂದು ಭಾನುವಾರ ಮಧ್ಯಾಹ್ನ ಬೂದಿ ಪುಸ್ತಕದಲ್ಲಿ ಇಣುಕುತ್ತಿದ್ದೆ. ಬಲ ಪುಟದಲ್ಲಿ ಯಾರೋ ಹೊಸ ಮನೆಗೆ ಸಾಮಾನು ಸಾಗಿಸಿದ ಕಥೆ. ಕಂಡಷ್ಟನ್ನು ಕೂಡಿಸಿ ಓದಿದೆ: ಬಟ್ಟೆ ಒಗೆಯುವ ಯಂತ್ರ... ಜೋರಾಗಿ ಗುಂಯ್ ಎಂದಿತು... ಸುಟ್ಟ ವಾಸನೆ... ಕೆಟ್ಟಿದೆ ಎಂದುಕೊಂಡೆ... ತೆಗೆಯಲು ಮರೆತಿದ್ದೆ.

ಏನನ್ನು ತೆಗೆಯಲು ಮರೆತಿದ್ದ? ಅದು ಬೆನ್ನಿನ ಕತ್ತಲಲ್ಲಿತ್ತು. ಫೋನಿನ ಬೆಳಕು ಬಿಟ್ಟೆ, ಕಾಣಲಿಲ್ಲ. ಇಂಜಿನ್ನಿನ ಸಂದಿಯಲ್ಲಿ ನೋಡಲು ಇವರು ಇಟ್ಟಿದ್ದ ಉದ್ದ ಹಿಡಿಯ ಸಣ್ಣ ಕನ್ನಡಿಯನ್ನು ತಂದು ಪುಟದ ನಡುವೆ ತೂರಿಸಿದೆ. ಜಪಾನಿ ಅಕ್ಷರಗಳು ತಿರುಗಾಮುರುಗಾ ಕಂಡವು. ನೆಟ್ಟಗಿದ್ದಾಗಲೇ ಓದಲು ಬಾರದವಳಿಗೆ ಅದರಿಂದ ಏನಾಗಬೇಕು? ಕೊನೆಗೆ ನನ್ನ ಸಹನೆ ಮುಗಿಯಿತು. ಪುಸ್ತಕವನ್ನು ನೆಲದ ಮೇಲಿಟ್ಟು ಎರಡೂ ಅಂಗೈಯಿಂದ ಒತ್ತಿದೆ. ಪಟ್ ಎಂದಿತು.

ಬೆನ್ನಿನ ಮೇಲೆ ಉದ್ದಕ್ಕೂ ಒಂದು ಬಿಳಿ ಗೆರೆ. ನಾನು ನಿಜವಾಗಿಯೂ ಸುತ್ತ ನೋಡಿದೆ, ಯಾರಾದರೂ ಕಂಡರೇನೋ ಎಂದು. ಆಮೇಲೆ ಓದಿದೆ. ಆ ಮನುಷ್ಯ ತೆಗೆಯಲು ಮರೆತದ್ದು ಸಾಗಣೆಯ ಹೊತ್ತಿನಲ್ಲಿ ಒಳಗಿನ ಭಾಗ ಅಲುಗಾಡದಂತೆ ಬಿಗಿದಿದ್ದ ಬೋಲ್ಟುಗಳನ್ನು. 'ಸಾಗಣೆ' ಎಂಬ ಅರ್ಥದ ಆ ಎರಡು ಜಪಾನಿ ಅಕ್ಷರಗಳನ್ನು ನಾನು ಮೂರು ವರ್ಷದಿಂದ ನೋಡುತ್ತ ಬಂದಿದ್ದೆ. ಕೈಪಿಡಿಯಲ್ಲಿ, ಹಳದಿ ಹಿಡಿಕೆಯ ಚಿತ್ರದ ಪಕ್ಕದಲ್ಲಿ. ಕೈಪಿಡಿ ತಂದು ಆ ಪುಟವನ್ನು ಕಿಟಕಿಯ ಬಿಸಿಲಿಗೆ ಹಿಡಿದೆ. ಎಣ್ಣೆಯ ಕಲೆಯ ಹಿಂದಿನಿಂದ ಸಾಲು ಒಂದೊಂದೇ ಎದ್ದುಬಂತು. ಅದು ಚಲಾಯಿಸುವ ಹಿಡಿಕೆಯೇ ಅಲ್ಲ. ಸಾಗಣೆಗೆಂದು ಹಾಕಿದ ಬೀಗ. ಯಂತ್ರವನ್ನು ನಿಲ್ಲಿಸಿದ ಮೇಲೆ ಬಿಚ್ಚಿ ತೆಗೆಯಬೇಕಾದದ್ದು. ಅದಕ್ಕೇ ನಾವು ಮೂರು ದಸರೆ ಕುಂಕುಮ ಇಟ್ಟಿದ್ದೆವು.

ಓಡಿ ಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಹೆದರಿಕೆಯಾಯಿತು, ಇದನ್ನು ಮುಚ್ಚಿಡುವುದಿಲ್ಲ. ನಾನು ಓದಿದ್ದು ತಪ್ಪಿದ್ದರೆ? 'ಬಿಚ್ಚಬೇಕು' ಎಂದು ನಾನು ತಿಳಿದದ್ದು 'ಎಂದೂ ಬಿಚ್ಚಕೂಡದು' ಎಂದಿದ್ದರೆ? ಯಂತ್ರ ಮುರಿದರೆ ಇವರು ಉಳಿದ ಆಯುಷ್ಯವೆಲ್ಲ ಇನ್ನೊಬ್ಬನ ಚೀಟಿಗೆ ಕಾಯಬೇಕು, ಅದೂ ನನ್ನ ಮಾತು ನಂಬಿದ್ದಕ್ಕೆ. ಜುಲೈಯಲ್ಲಿ ಫೇಲಾದವಳ ಮಾತಿಗೆ ಏನು ತೂಕ? ಡಿಸೆಂಬರಿನಲ್ಲಿ ಪಾಸಾಗಿ, ಸರ್ಟಿಫಿಕೇಟು ಕೈಯಲ್ಲಿ ಹಿಡಿದು ಹೇಳುತ್ತೇನೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ.

ಉಳಿದ ನಾಲ್ಕು ಪುಸ್ತಕಗಳನ್ನು ಗಂಟು ಕಟ್ಟಿ ಕಳಿಸಿದೆ. ಗುರುಬಾಯಿ ಕಾಕಿ ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. "ಖಣ ಸಮೇತ ಇದ್ದಿದ್ದ ಕೆಂಪು ಬಿಟ್ಟು ಬೂದಿ ಹಿಡದಾಳ" ಎಂದು ಓಣಿಯಲ್ಲಿ ಹೇಳಿಕೊಂಡು ಬಂದರು. ಸೇಠರು ಫೋನ್ ಮಾಡಿದರು.

"ಬೂದಿದ್ದು ಇಟ್ಕೊಂಡ್ಯಾ?"

"ಹೌದ್ರಿ ಕಾಕಾ. ಮನಸ್ಸಿಗೆ ಬಂತು."

ಆ ಕಡೆ ಅವರು ಉಳಿದ ನಾಲ್ಕನ್ನು ಎಣಿಸಿದ ಸದ್ದು ಕೇಳಿತು. ಆಮೇಲೆ, "ಉಟ್ಟು ನೋಡಿದ್ಯಾ ಏನವ್ವಾ?" ಎಂದು ಕೇಳಿ ಎಂಬತ್ತರ ಆ ಮುದುಕರು ಕೆಮ್ಮು ಬರುವವರೆಗೂ ನಕ್ಕರು.

ಪರೀಕ್ಷೆಗೆ ಪುಣೆಗೆ ಹೋದೆ. ನನ್ನ ಸುತ್ತ ನನ್ನ ವಿದ್ಯಾರ್ಥಿಗಳ ವಯಸ್ಸಿನ ಮಕ್ಕಳು. ಪ್ರಶ್ನೆಪತ್ರಿಕೆ ಕೊಟ್ಟರು. ಎರಡು ತಿಂಗಳ ಅಭ್ಯಾಸ ಎಲ್ಲಿ ಹೋಗುತ್ತದೆ? ನಾನು ಅದನ್ನು ನಾಲ್ಕು ಬೆರಳಷ್ಟು ತೆರೆದು ಒಳಗೆ ಇಣುಕಿದೆ. ಮೇಲ್ವಿಚಾರಕಿ ಎರಡು ಸಲ ನನ್ನ ಪಕ್ಕದಲ್ಲಿ ಸುಳಿದಾಡಿದಳು. ಮೂರನೆಯ ಸಲ ಪತ್ರಿಕೆಯನ್ನೇ ಎತ್ತಿಕೊಂಡು ತಲೆಕೆಳಗಾಗಿ ಹಿಡಿದು ಜಾಡಿಸಿದಳು, ಒಳಗಿಂದ ಏನಾದರೂ ಬೀಳುತ್ತದೋ ಎಂದು. ಏನೂ ಬೀಳಲಿಲ್ಲ. ನನ್ನ ತಲೆಯಲ್ಲಿದ್ದದ್ದು ಮಾತ್ರ ಬಿದ್ದುಹೋಯಿತು. ಅಪರಾಧಿಯಂತೆ ಉತ್ತರದ ವೃತ್ತಗಳನ್ನು ಕಪ್ಪು ಮಾಡಿ ಬಂದೆ.

ಜನವರಿಯಲ್ಲಿ ಫಲಿತಾಂಶ ಬಂತು. ಫೇಲು. ಕೇಳುವುದರಲ್ಲಿ ಪರವಾಗಿಲ್ಲ, ಪದಗಳಲ್ಲಿ ಪರವಾಗಿಲ್ಲ, ಕೆಡಿಸಿದ್ದು ಓದುವ ವಿಭಾಗ. ಅಂಕಪಟ್ಟಿಯ ಪ್ರಿಂಟು ತೆಗೆಸಿ ಕೈಯಲ್ಲಿ ಹಿಡಿದು ಕಂಪ್ಯೂಟರ್ ಅಂಗಡಿಯ ಮುಂದೆ ಬಹಳ ಹೊತ್ತು ನಿಂತಿದ್ದೆ. ಮನೆಗೆ ಹೋಗಿ ಮಲಗಬಹುದಿತ್ತು. ಜುಲೈವರೆಗೆ ಚಾದರ ಹೊದ್ದು ಯಂತ್ರ ಕಾಯುತ್ತಿತ್ತು, ಅದಕ್ಕೇನು ಹೊಸದೇ? ಆದರೆ ಆ ದಿನ ಬೆಳಿಗ್ಗೆ ಇವರು ಇನ್ನೆರಡು ಪಂಪನ್ನು ಗೋಣಿಯಲ್ಲಿ ಸುತ್ತಿ ಹುಮನಾಬಾದಿನ ಟೆಂಪೋಗೆ ಹಾಕುವುದನ್ನು ಕಂಡಿದ್ದೆ. ಎತ್ತಿ ಇಟ್ಟ ಮೇಲೆ ಟೆಂಪೋ ತಿರುವಿನಲ್ಲಿ ಮರೆಯಾಗುವವರೆಗೂ ಅಲ್ಲೇ ನಿಂತಿದ್ದರು. ನನ್ನ ಕಾಲುಗಳು ಆಟೋನಗರದ ಕಡೆ ತಿರುಗಿದವು.

ಇವರು ಒಂದು ಪಂಪಿನ ಹೊಟ್ಟೆಯಲ್ಲಿ ಕೈ ಹಾಕಿಕೊಂಡು ಕೂತಿದ್ದರು. ಮಹಬೂಬ್ ಉಸ್ತಾದರು ನನ್ನ ಮುಖ ನೋಡಿದವರೇ ಸ್ಟೂಲು ಬಿಟ್ಟೆದ್ದರು.

"ಫೇಲ್ ಆದೆ" ಎಂದೆ. "ಓದೂದ್ರಾಗ."

ಇವರು ತಲೆಯಾಡಿಸಿದರು. ಎದ್ದು ಚಾದರ ಬದಲಿಸಲು ಹೋಗುತ್ತಾರೆ ಎಂದು ತಿಳಿದು ನಾನು ಅವಸರವಾಗಿ ಉಳಿದದ್ದನ್ನೂ ಹೇಳಿಬಿಟ್ಟೆ. "ಒಂದು ಮಾತು ಹೇಳಬೇಕ್ರಿ. ಆ ಹಿಡಿಕಿ ನಡಸೂದಲ್ಲ. ಲಾರಿಯೊಳಗ ಬರೂ ಮುಂದ ಒಳಗಿಂದು ಅಲಗಾಡಬಾರದು ಅಂತ ಹಾಕಿದ ಕೀಲಿ. ಬಿಚ್ಚಿ ತಗದು ಇಡಬೇಕಂತ. ಮೂರು ತಿಂಗಳಾತು ನನಗ ಗೊತ್ತಾಗಿ. ಪಾಸಾಗಿ ಹೇಳ್ತೀನಿ ಅಂತ ಸುಮ್ಮನಿದ್ದೆ. ಪಾಸಾಗಲಿಲ್ಲ. ತಪ್ಪೂ ಇರಬಹುದು. ನಾ ಓದಿದ್ದು ಹಿಂಗ ಅದ."

ಅಂಕಪಟ್ಟಿಯನ್ನು ಮುಂದೆ ಚಾಚಿದೆ. ಯಾಕೆ ಚಾಚಿದೆನೋ ತಿಳಿಯದು. ನನ್ನನ್ನು ನಂಬಬೇಡಿ ಎನ್ನುವುದಕ್ಕೆ ಸಾಕ್ಷಿ ಕೊಟ್ಟಂತಿತ್ತು.

ಇವರು ಅದನ್ನು ತೆಗೆದುಕೊಳ್ಳಲಿಲ್ಲ. ನನ್ನ ಮುಖವನ್ನೇ ನೋಡಿದರು. "ನೀ ಎಷ್ಟ ಸಲ ಓದಿದಿ?"

"ಎಣಿಸಿಲ್ಲ. ದಿನಾ ಓದೀನಿ."

"ಪ್ರತಿ ಸಲನೂ ಹಂಗ ಇತ್ತೇನು?"

"ಹಂಗ ಇತ್ತು."

"ಉಸ್ತಾದ್, ಹದಿನಾಲ್ಕರ ಪಾನಾ ಕೊಡ್ರಿ" ಎಂದರು.

ಚಾದರ ಸರಿಸಿದರು. ಹಿಡಿಕೆಯ ಬುಡದಲ್ಲಿ ಕುಂಕುಮ ಗಟ್ಟಿಯಾಗಿ ಅಂಟಿ ಕೂತಿದ್ದ ಎರಡು ನಟ್ಟುಗಳಿದ್ದವು. ಇವರು ಸ್ಪ್ಯಾನರ್ ಹಾಕಿ ಅವನ್ನು ಬಿಚ್ಚುವಷ್ಟು ಹೊತ್ತೂ ನಾನು ಕಣ್ಣು ಮುಚ್ಚಿದ್ದೆ. ಹಿಡಿಕೆ ಟಣ್ಣೆಂದು ನೆಲಕ್ಕೆ ಬಿತ್ತು. ಆಮೇಲೆ ಸ್ವಿಚ್ಚಿನ ಸದ್ದು. ನರಳಾಟವಿಲ್ಲ, ಸುಟ್ಟ ವಾಸನೆಯಿಲ್ಲ. ಯಂತ್ರ ಹಗುರವಾಗಿ ತಿರುಗತೊಡಗಿತು, ಗಾಜಿನ ಕೊಳವೆಗಳಲ್ಲಿ ಎಣ್ಣೆ ಒಂದೇ ಸಮನೆ ಏರಿತು. ಮಹಬೂಬ್ ಉಸ್ತಾದರು ಬಾಗಿಲಿಗೆ ಹೋಗಿ ಬೀದಿಯವರಿಗೆಲ್ಲ ಕೇಳುವಂತೆ, "ಭಾಬೀ ಪಾಸ್ ಹೋ ಗಯೇ!" ಎಂದು ಕೂಗಿದರು. ಎದುರಿನ ಗ್ಯಾರೇಜಿನವರು ಇಳಿದು ಬಂದರು. ನಾನು 'ಅಲ್ಲ, ಫೇಲು' ಎಂದು ತಿದ್ದಲು ಹೋದೆ, ಯಾರೂ ಕೇಳಿಸಿಕೊಳ್ಳಲಿಲ್ಲ.

ಇವರು ಮಾತ್ರ ಬಹಳ ಹೊತ್ತು ಕೊಳವೆಗಳನ್ನೇ ನೋಡಿದರು. ಕಣ್ಣು ಒದ್ದೆಯಾಗಿತ್ತು, ಕೈ ತುಂಬ ಎಣ್ಣೆ. ಒರೆಸಿಕೊಳ್ಳಲು ಬಟ್ಟೆಗಾಗಿ ಅತ್ತಿತ್ತ ತಡಕಾಡಿದರು. ಸಿಗಲಿಲ್ಲ. ನಾನು ಇನ್ನೂ ಚಾಚಿಕೊಂಡೇ ನಿಂತಿದ್ದ ಅಂಕಪಟ್ಟಿಯನ್ನು ತೆಗೆದುಕೊಂಡು, ಒಮ್ಮೆಯೂ ನೋಡದೆ, ಅದರಲ್ಲಿ ಹತ್ತೂ ಬೆರಳನ್ನು ಒಂದೊಂದಾಗಿ ಒರೆಸಿಕೊಂಡರು. ಒಳ್ಳೆಯ ದಪ್ಪ ಕಾಗದವಾಗಿತ್ತು, ಎಣ್ಣೆಯೆಲ್ಲ ಹೋಯಿತು.